ಭಂಡಾರ ಬಿದ್ದ ಮಾನಿಟರ್

ಆಗ ನನಗೆ ಐವತ್ತಾರು ವರ್ಷ. ಅದಕ್ಕೆ ಈಗ ಒಂಬತ್ತು ವರ್ಷ ಆಯಿತು. ಮೂಡಲಗಿಯ ಒಂದು ಫೋಟೋ ಸ್ಟುಡಿಯೋದ ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು ಹುಕ್ಕೇರಿಯ ಬಸ್ಸಿನಲ್ಲಿ ಕೂತಿದ್ದೆ. ಆ ಮಾನಿಟರಿನ ವಿಷಯ ಬರೆಯಬೇಕೆಂದೇ ಈಗ ಪೆನ್ನು ಹಿಡಿದಿದ್ದೇನೆ. ಆದರೆ ನಾನು ಯಾರು, ಮಾನಿಟರ್ ನನ್ನ ತೊಡೆಯ ಮೇಲೆ ಯಾಕೆ ಬಂತು ಎನ್ನುವುದನ್ನು ಮೊದಲು ಹೇಳದಿದ್ದರೆ ನಿಮಗೆ ತಿಳಿಯುವುದಿಲ್ಲ.

ನನ್ನ ಹೆಸರು ನೀಲವ್ವ. ಗೋಕಾಕದಲ್ಲಿ ಈರಣ್ಣನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಕಸ ಹೊಡೆಯಲು ಸೇರಿದವಳು. ಎರಡನೇ ಇಯತ್ತೆಗೆ ಸಾಲಿ ಬಿಟ್ಟೆ. ಓದಲು ಬರುತ್ತದೆ, ನಿಧಾನವಾಗಿ. ಬರೆಯಲು ಬರುತ್ತದೆ, ಇನ್ನೂ ನಿಧಾನವಾಗಿ. ಇದನ್ನು ಬರೆದವಳು ನಾನೇ, ಕಾಗುಣಿತ ತಿದ್ದಿದವಳು ಈರಣ್ಣನ ಮಗಳು. ಅವಳು ಚಂದ ಮಾಡಲು ಹೋದ ಕಡೆಯೆಲ್ಲ ನಾನು ಮತ್ತೆ ಹೊಡೆದುಹಾಕಿದ್ದೇನೆ.

ಈಗ ಆ ಅಂಗಡಿಯ ಕೌಂಟರಿಗೆ ಹೊಸ ಹುಡುಗಿಯರು ಸೇರಿದ್ದಾರೆ. ಈರಣ್ಣ ಮನೆಗೆ ಬಂದು, "ಅಕ್ಕಾ, ಈ ಹುಡಿಗ್ಯಾರಿಗೆ ನಿನ್ನ ಕಾಲದ್ದು ನಾಕ ಮಾತ ಬರದ ಕೊಡ. ಮಂದಿ ಬಂದು ಬೈದ್ರ ಅಳಕೋತ ಕುಂದರತಾವು" ಎಂದ. ಅಳುವುದಕ್ಕೆ ನನ್ನ ಹತ್ತಿರ ಔಷಧ ಇಲ್ಲ. ನಡೆದದ್ದು ಹೇಳುತ್ತೇನೆ.

ನಾನು ಸೇರಿದಾಗ ಮಾನಿಟರ್ ಅಂದರೆ ಗಾಜಿನ ಬುರುಡೆ. ಹಿಂದೆ ಡುಬ್ಬ ಇರುತ್ತಿತ್ತು. ಹೊರಲು ಗಂಡಸರು ಬೆನ್ನು ಹಿಡಿದುಕೊಂಡು ಹಾಯ್ ಹೂಯ್ ಅನ್ನುತ್ತಿದ್ದರು. ನಾನು ಸೀರೆಯ ಸಿಂಬಿ ಸುತ್ತಿ ತಲೆಯ ಮೇಲೆ ಇಟ್ಟುಕೊಂಡು ಬಸ್‌ಸ್ಟ್ಯಾಂಡಿನಿಂದ ಅಂಗಡಿಗೆ ಬಂದುಬಿಡುತ್ತಿದ್ದೆ. ನೀರಿನ ಕೊಡ ಹೊತ್ತ ತಲೆಗೆ ಅದೇನು ದೊಡ್ಡದಲ್ಲ. ಅದನ್ನು ನೋಡಿಯೇ ಈರಣ್ಣ ಕಸಬರಿಗೆ ಬೇರೆಯವಳ ಕೈಗೆ ಕೊಟ್ಟು, ಊರೂರಿನಿಂದ ಮಾನಿಟರ್ ತರುವ, ಮುಟ್ಟಿಸುವ ಕೆಲಸ ನನಗೆ ಕೊಟ್ಟ. ಗೋಕಾಕ, ಮೂಡಲಗಿ, ಹುಕ್ಕೇರಿ, ನಡುವಿನ ಹಳ್ಳಿಗಳು. ಯಾವ ಬಸ್ಸಿನಲ್ಲಿ ಯಾವ ಸೀಟಿಗೆ ಕುಲುಕಾಟ ಕಡಿಮೆ ಎನ್ನುವುದು ನನಗೆ ಗೊತ್ತಾಯಿತು. ಹಿಂದಿನ ಸೀಟಿಗೆ ಎಂದೂ ಕೂರಬೇಡಿ. ಕಬ್ಬಿನ ಹಂಗಾಮಿನಲ್ಲಿ ಟ್ರಾಕ್ಟರುಗಳು ರಸ್ತೆಯನ್ನು ಹೊಲ ಮಾಡಿಟ್ಟಿರುತ್ತವೆ.

ಈರಣ್ಣ ಸಿಟ್ಟಿನ ಮನುಷ್ಯ. ಮಾಲಕ ಎಂದು ಮುಚ್ಚಿಡುವುದಿಲ್ಲ, ಅವನ ಎದುರಿಗೂ ಇದೇ ಮಾತು ಹೇಳುತ್ತಿದ್ದೆ. ಆದರೆ ಅವನಲ್ಲಿ ಒಂದು ರೀತಿ ಇತ್ತು. ಗಿರಾಕಿ ಹೇಳಿದ್ದನ್ನು ಗಿರಾಕಿಯ ಬಾಯಲ್ಲಿ ಬಂದ ಹಾಗೇ ಕೇಳಿಕೊಂಡು ಬರಬೇಕು. ನಾವು ಜಾಣರಾಗಿ ಅದಕ್ಕೆ ಬೇರೆ ಹೆಸರು ಇಡಬಾರದು. ಅರಭಾವಿಯ ಒಬ್ಬ ಮೇಡಂ, "ಇದು ಮಧ್ಯಾಹ್ನ ಮಲಗ್ತದರೀ, ಸಂಜೀಕೆ ಏಳ್ತದ" ಎಂದಿದ್ದರು. ನಮ್ಮ ಇಂಜಿನಿಯರ್ ಸಂತೋಷ ಅದನ್ನು ಕೇಳಿ ನಕ್ಕು, ಕರೆಂಟಿನ ದೋಷ ಎಂದುಬಿಟ್ಟ. ಅಂಗಡಿಗೆ ತಂದರೆ ಮಾನಿಟರ್ ಹಗಲಿಡೀ ಎದ್ದೇ ಕೂತಿತು. ಮುಟ್ಟಿಸಿ ಬಂದರೆ ಮತ್ತೆ ಮಲಗಿತು. ಮೂರನೇ ಸಲ ನಾನು ಹೋದಾಗ ಮೇಡಂ ಮನೆಯಲ್ಲಿ ಇರಲಿಲ್ಲ, ಅವರ ಅವ್ವ ಇದ್ದರು. ಮಾನಿಟರಿಗೆ ಕ್ರೋಶಾದ ಹೊದಿಕೆ ಹಾಕಿದ್ದರು. ಚೆಂದದ ಹೊದಿಕೆ, ಮುಂದೆ ನವಿಲು, ಹಿಂದೆ ಎಲ್ಲ ಮುಚ್ಚಿದೆ. ಮೇಡಂ ಮುಂದಿನ ನವಿಲನ್ನು ಮಾತ್ರ ಮೇಲಕ್ಕೆ ಮಡಚಿ ಕೆಲಸ ಮಾಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಒಳಗೆ ಕುದಿಯುತ್ತಿತ್ತು. ನಮ್ಮಲ್ಲಿಗೆ ಕೊಡುವಾಗ ಹೊದಿಕೆ ತೆಗೆದು ಕೊಡುತ್ತಿದ್ದರು, ಅದಕ್ಕೇ ಅಲ್ಲಿ ಮಲಗುತ್ತಿರಲಿಲ್ಲ. ಅಂದಿನಿಂದ ಸಂತೋಷ ಗಿರಾಕಿ ಹೇಳುವಾಗ ನಗುವುದನ್ನು ಬಿಟ್ಟ. ಹೊಡೆತ ತಿಂದು ಕಲಿತವನು, ಒಳ್ಳೆಯ ಇಂಜಿನಿಯರ್ ಆದ.

ಗಾಜಿನ ಬುರುಡೆ ಹೋಗಿ ಚಪ್ಪಟೆ ಮಾನಿಟರ್ ಬಂದ ಮೇಲೆ ಹೊರುವ ಕಷ್ಟ ಹೋಯಿತು, ಗುರುತಿನ ಕಷ್ಟ ಬಂತು. ಎಲ್ಲವೂ ಕಪ್ಪು, ಎಲ್ಲವೂ ಒಂದೇ ಆಕಾರ. ಕೊಣ್ಣೂರಿನ ಅಂಗಡಿಯವರದು ಮೂಡಲಗಿಗೆ ಹೋಯಿತು, ಮೂಡಲಗಿಯದು ಕೊಣ್ಣೂರಿಗೆ. ಈರಣ್ಣ ಅಂಗಡಿ ಮೇಲೆ ಕೆಳಗೆ ಮಾಡಿದ. ಹಿಂದಿನ ನಂಬರು ನೋಡಿ ಒಯ್ಯಿರಿ ಎಂದರೆ, ಇರುವೆಯಷ್ಟು ಸಣ್ಣ ಅಕ್ಷರ ನನ್ನ ಕಣ್ಣಿಗೆ ಎಲ್ಲಿ ಕಾಣಬೇಕು? ನಾನು ಹಳೆಯ ಸೀರೆಗಳ ಅಂಚು ಹರಿದು ಒಂದೊಂದು ಮಾನಿಟರಿನ ಕಾಲಿಗೆ ಒಂದೊಂದು ಬಣ್ಣ ಕಟ್ಟಿದೆ. ಗಿರಾಕಿಗೂ ಅದೇ ಅಂಚಿನ ತುಂಡು. ಹಸಿರು ಅಂಚಿನವರು ಬಂದರೆ ಹಸಿರು ಅಂಚಿನ ಮಾನಿಟರ್. ಸಂತೋಷ ಚೇಷ್ಟೆ ಮಾಡಿದ. "ನೀಲಕ್ಕಾ, ಸೀಮಂತ ಮಾಡಾಕತ್ತಿಯೇನ ಅವಕ್ಕ?" ಎಂದ. ಮಾಡಲಿ ಬಿಡು ಎಂದುಕೊಂಡೆ. ಆಮೇಲೆ ಅದಲುಬದಲಾಗಿದ್ದು ನನಗೆ ನೆನಪಿಲ್ಲ. ಈಗ ಕಂಪ್ಯೂಟರಿನಲ್ಲಿ ಚೀಟಿ ಬರುತ್ತದಂತೆ, ಕರಿ ಗೆರೆಗಳ ಚೀಟಿ. ಬರಲಿ. ಅದು ಕೆಟ್ಟ ದಿನ ಸೀರೆಯ ಅಂಚು ಹುಡುಕಿರಿ.

ಇನ್ನು ವಾರಂಟಿ. ವಾರಂಟಿ ಇದ್ದ ಮಾನಿಟರನ್ನು ನಾವು ಬಿಚ್ಚುವ ಹಾಗಿಲ್ಲ. ಹಿಂದೆ ಒಂದು ಸೀಲು ಇರುತ್ತದೆ, ಅದು ಹರಿದರೆ ವಾರಂಟಿಯೂ ಹರಿದ ಹಾಗೆ. ಆಗ ಕಂಪನಿಯ ಮನುಷ್ಯ ಊರೂರಿಗೆ ಬರುತ್ತಿರಲಿಲ್ಲ. ವಾರಕ್ಕೊಮ್ಮೆ ಕಂಪನಿಯ ಗಾಡಿ ಹೆದ್ದಾರಿಯಿಂದ ಕಣಗಲಾ ಎನ್ನುವ ಊರಿನ ಮೇಲೆ ಹಾಯ್ದು ಹುಕ್ಕೇರಿಗೆ ಬರುತ್ತಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಏಜೆಂಟನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಾಹೇಬ ಕೂರುತ್ತಿದ್ದ. ಕೆಟ್ಟದ್ದನ್ನು ಅಲ್ಲಿಗೆ ಒಯ್ಯಬೇಕು. ಅವನು ಬಿಚ್ಚಿ ನೋಡಿ ಕಂಪನಿಯ ತಪ್ಪು ಅಂದರೆ ಹೊಸದು, ಗಿರಾಕಿಯ ತಪ್ಪು ಅಂದರೆ ಹಳೆಯದನ್ನೇ ಮರಳಿ ತರಬೇಕು. ಮರಳಿ ತಂದ ದಿನ ಬೈಗುಳ ನನಗೇ. ಸಾಹೇಬನನ್ನು ಬೈಯಲು ಗಿರಾಕಿ ಹುಕ್ಕೇರಿಗೆ ಹೋಗುವುದಿಲ್ಲವಲ್ಲ.

ಇನ್ನು ಮೂಡಲಗಿಯ ವಿಷಯಕ್ಕೆ ಬರುತ್ತೇನೆ.

ಅಲ್ಲಿ ಬೀರಪ್ಪ ಎನ್ನುವವನ ಫೋಟೋ ಸ್ಟುಡಿಯೋ ಇತ್ತು. ಕುರಿ ಸಾಕುವ ಮನೆತನ, ಅಪ್ಪನ ಕಾಲಕ್ಕೆ ಹೊಲಕ್ಕೆ ನಿಂತವರು. ಬೀರಪ್ಪ ಗಾಡಿಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದ. ಅವನ ಹೆಂಡತಿ ರೇಣುಕಾ ಕ್ಯಾಮೆರಾ ಎತ್ತಿಕೊಂಡಳು. ಮದುವೆ, ಕುಬಸ, ಜಾವಳ ಎಲ್ಲದಕ್ಕೂ ತಾನೇ ಹೋಗುವುದು, ಬಂದು ಕಂಪ್ಯೂಟರಿನಲ್ಲಿ ತಿದ್ದುವುದು, ಆಲ್ಬಮ್ ಮಾಡಿಸುವುದು. ಹೆಂಗಸರ ಫೋಟೋ ಹೆಂಗಸೇ ತೆಗೆದರೆ ಸೆರಗು ಬಿಗಿಹಿಡಿದು ಕೂರುವುದಿಲ್ಲ, ನಗುತ್ತಾರೆ. ಆದ್ದರಿಂದ ಅವಳಿಗೆ ಕರೆ ಹೆಚ್ಚು ಬರುತ್ತಿತ್ತು.

ಅಂಗಡಿಯ ಕೋಣೆ ಇದ್ದದ್ದು ಅತ್ತೆ ಲಕ್ಕವ್ವನ ಹೆಸರಿನಲ್ಲಿ. ಅವಳ ಸಣ್ಣ ಮಗ ಸಿದ್ದಪ್ಪನಿಗೆ ಆ ಕೋಣೆಯ ಮೇಲೆ ಕಣ್ಣು. ಅಲ್ಲಿ ಗೊಬ್ಬರದ ಅಂಗಡಿ ಹಾಕಬೇಕು ಎಂದು ಅವನ ಹಟ. ಲಕ್ಕವ್ವ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ನೋಡೋಣು ಅನ್ನುತ್ತಿದ್ದಳು. ಅವಳು ನೋಡುತ್ತಿದ್ದಾಗಲೇ ಫೋಟೋಗಳು ಕೆಟ್ಟವು.

ಹೇಗೆ ಕೆಟ್ಟವು ಕೇಳಿ. ಆ ಮಾನಿಟರಿನಲ್ಲಿ ನೀಲಿ ಬಣ್ಣ ಸ್ವಲ್ಪ ಸ್ವಲ್ಪವೇ ಸಾಯುತ್ತಿತ್ತು. ನೀಲಿ ಸತ್ತರೆ ಎಲ್ಲ ಹಳದಿ ಕಾಣುತ್ತದೆ ಎಂದು ಸಂತೋಷ ನನಗೆ ಆಮೇಲೆ ಹೇಳಿದ. ಬೇರೆ ಯಾವ ಊರಿನ ಬೇರೆ ಯಾವ ಸ್ಟುಡಿಯೋ ಆಗಿದ್ದರೂ ಎಂಟು ದಿನದಲ್ಲಿ ಗೊತ್ತಾಗುತ್ತಿತ್ತು. ಇಲ್ಲಿ ಗೊತ್ತಾಗಲಿಲ್ಲ. ಯಾಕೆಂದರೆ ಆ ತಿಂಗಳುಗಳಲ್ಲಿ ರೇಣುಕಾ ತೆಗೆದದ್ದು ಬಹುತೇಕ ತಮ್ಮವರ ಮನೆಗಳ ದೇವರ ಕಾರ್ಯ. ಅಲ್ಲಿ ಭಂಡಾರ ಹಾರಿಸುತ್ತಾರೆ. ದೇವರಿಗೆ ಏರಿಸಿದ ಅರಿಶಿಣದ ಪುಡಿ, ಮುಗಿಲಿಗೆ ಎಸೆಯುತ್ತಾರೆ, ತಲೆ, ಮೀಸೆ, ಕಂಬಳಿ, ನೆಲ ಎಲ್ಲ ಹಳದಿ. ಪರದೆಯ ಮೇಲೆ ಹಳದಿ ಕಂಡರೆ ಅವಳಿಗೆ ಸಂಶಯ ಎಲ್ಲಿಂದ ಬರಬೇಕು? ಭಂಡಾರ ಚಲೋ ಬಂದಿದೆ ಎಂದುಕೊಂಡಳು.

ಆಮೇಲೆ ಒಂದು ಮದುವೆ ಬಂತು. ಮದುಮಗಳ ಮುಖ ಹಳದಿ ಕಂಡಿತು. ಅರಿಶಿಣ ಹೆಚ್ಚು ಹಚ್ಚಿದ್ದಾರೆ ಎಂದು ರೇಣುಕಾ ಅದನ್ನು ತೆಗೆಯಲು ನೀಲಿ ಕೂಡಿಸಿದಳು. ಪರದೆಯಲ್ಲಿ ಸರಿ ಕಾಣುವವರೆಗೆ ಕೂಡಿಸಿದಳು. ಆಲ್ಬಮ್ ಅಚ್ಚಾಗಿ ಬಂದಾಗ ಮದುಮಗಳು, ಮದುಮಗ, ಬೀಗರು ಎಲ್ಲ ನೀಲಿ. ಮದುಮಗಳ ಅಪ್ಪ ಆಲ್ಬಮನ್ನು ಲಕ್ಕವ್ವನ ಮುಂದೆ ಒಗೆದು, "ಮಗಳ ಮದಿವಿ ಫೋಟೋ ತಗಿ ಅಂದ್ರ, ಹೆಣದ ಫೋಟೋ ತಗದ ಕೊಟ್ಟಾಳ ನಿಮ್ಮ ಸೊಸಿ" ಎಂದುಬಿಟ್ಟ. ಸಿದ್ದಪ್ಪನಿಗೆ ಹಬ್ಬ ಆಯಿತು.

ರೇಣುಕಾ ನಮ್ಮ ಅಂಗಡಿಗೆ ಫೋನು ಮಾಡಿದಳು. ನಾನು ಸಂತೋಷನನ್ನು ಕರೆದುಕೊಂಡು ಹೋದೆ. ಅವನು ತಂತಿ ಬದಲಿಸಿ ನೋಡಿದ, ಹಳದಿಯೇ. ನಮ್ಮ ಮಾನಿಟರ್ ಹಚ್ಚಿ ನೋಡಿದ, ಎಲ್ಲ ಸರಿ. ಕೆಟ್ಟದ್ದು ಮಾನಿಟರೇ. ವಾರಂಟಿ ಇದೆಯಾ ಎಂದರೆ ಇದೆ, ಆದರೆ ಆ ವಾರಕ್ಕೇ ಮುಗಿಯುತ್ತದೆ. ಮಾನಿಟರ್ ತಿರುಗಿಸಿ ನೋಡಿದ ಸಂತೋಷ ಹಣೆಗೆ ಕೈ ಹಚ್ಚಿದ. ಹಿಂದೆ ಗಾಳಿ ಆಡುವ ತೂತುಗಳ ತುಂಬ ಹಳದಿ ಪುಡಿ.

"ಇದೇನ್ರಿ ಅಕ್ಕಾರ?"

ರೇಣುಕಾ ಸಣ್ಣ ದನಿಯಲ್ಲಿ, "ಅತ್ತಿ ರವಿವಾರಕ್ಕೊಮ್ಮಿ ಬಂದು ಭಂಡಾರ ಹಾಕತಾರ್ರಿ. ಬೀರದೇವರ ಹೆಸರಲೆ" ಎಂದಳು.

"ಮುಂದ ಹಚ್ಚಿದ್ರ ಬ್ಯಾರೆ. ಹಿಂದ ಯಾಕ?"

"ಮುಂದ ಹಚ್ಚಿದ್ರ ಫೋಟೋಕ್ಕ ಹತ್ತತೈತಿ ಅಂತ ನಾನಾ ಹೇಳಿದ್ನಿ. ಅದಕ್ಕ ಹಿಂದ ಒಗಿತಾರ."

ಅಂಗಡಿಗೆ ತಂದೆವು. ರೇಣುಕಾ ನಮ್ಮ ಜೊತೆಗೇ ಬಂದಳು. ಈರಣ್ಣ ನೋಡಿ, "ಹೊರಗಿನ ವಸ್ತು ಒಳಗ ಹೊಕ್ಕೈತಿ ಅಂತ ಬರದ ವಾಪಸ್ ಕಳಸ್ತಾರ. ಅವರಿಗೆ ಅಷ್ಟ ನೆವ ಸಾಕ" ಎಂದ. ಆಮೇಲೆ ಮಾನಿಟರಿನ ಪಕ್ಕದಲ್ಲಿ ಒಂದು ಬ್ರಷ್ ಇಟ್ಟು ಚಹಾ ಕುಡಿಯಲು ಹೊರಗೆ ಹೋದ. ಆ ಬ್ರಷ್ ಯಾಕೆ ಇಟ್ಟ ಎಂದು ನನಗೆ ತಿಳಿಯದೇ ಇರುತ್ತದೆಯೇ?

ರೇಣುಕಾ ಬ್ರಷ್ ಬಿಟ್ಟು ಒದ್ದೆ ಬಟ್ಟೆಯನ್ನೇ ಎತ್ತಿಕೊಂಡಳು. ನಾನು ಅವಳ ಮಣಿಕಟ್ಟು ಹಿಡಿದೆ.

"ಬಿಡ್ರಿ ಅಕ್ಕಾ. ಒರಸಿಬಿಡ್ತೇನಿ. ಯಾರಿಗಿ ಗೊತ್ತಾಗತೈತಿ?"

"ಅಡಗಿ ಮಾಡೂಕಿ ಹೌದಿಲ್ಲೋ ನೀ? ಅರಿಷಿಣಕ್ಕ ನೀರ ಮುಟ್ಟಿಸಿದ್ರ ಏನ್ ಆಗತೈತಿ?"

ಅವಳು ಬಟ್ಟೆ ಕೆಳಗಿಟ್ಟಳು. ಕಣ್ಣಲ್ಲಿ ನೀರು. ಸಮಾಧಾನ ಹೇಳುವ ಬಾಯಿ ನನ್ನದಲ್ಲ. ಇದ್ದದ್ದು ಹೇಳಿದೆ. "ಬ್ರಷ್‌ಲೆ ಝಾಡಿಸಿದ್ರೂ ಬಿರಕಿನ್ಯಾಗ ಉಳಿತೈತಿ. ಸಾಹೇಬ ಬಿಚ್ಚಿದ ಕೂಡ್ಲೆ ಇವರು ಮುಚ್ಚಿ ಇಟ್ಟಾರ ಅಂತಾನ. ಆಮ್ಯಾಲ ನೀ ಖರೆ ಹೇಳಿದ್ರೂ ಸುಳ್ಳ ಆಗತೈತಿ. ನಮ್ಮ ಅಂಗಡಿಯಿಂದ ಹೋದ ಎಲ್ಲಾ ಮಾನಿಟರನೂ ಅನುಮಾನ ಮಾಡ್ತಾನ. ಹೆಂಗ ಐತಿ ಹಂಗ ಒಯ್ಯೋಣು."

ಈರಣ್ಣ ಚಹಾ ಕುಡಿದು ಬಂದು ನೋಡಿದ. ಬ್ರಷ್ ಇಟ್ಟ ಜಾಗದಲ್ಲೇ ಇತ್ತು. ಪುಡಿಯೂ ಇತ್ತು. "ನಿನ್ನ ಹಟ ನಿನಗ ಇರಲಿ. ವಾಪಸ್ ಬಂದ್ರ ಆ ಮನ್ಯಾವರಿಗೆ ನೀನಾ ಹೇಳಬೇಕ ಮತ್ತ" ಎಂದ. ಹೇಳ್ತೇನಿ ಎಂದೆ. ಅಂಜಿಕೆ ಇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮಾನಿಟರಿನ ಕಾಲಿಗೆ ನನ್ನ ಹಳೆಯ ಇಳಕಲ್ ಸೀರೆಯ ಕೆಂಪು ಅಂಚು ಕಟ್ಟಿದೆ.

ಹುಕ್ಕೇರಿಗೆ ಹೊರಟ ದಿನ ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ರೇಣುಕಾಳ ಹಿಂದೆ ಲಕ್ಕವ್ವ ಕೂಡ ಇಳಿದಳು. ಕೈಯಲ್ಲಿ ಭಂಡಾರದ ಚೀಲ. ನನಗಿಂತ ಹತ್ತು ವರ್ಷ ದೊಡ್ಡವಳು, ನಡಿಗೆ ನನಗಿಂತ ಚುರುಕು.

"ನೀ ಯಾಕ ಬಂದೆವಾ?" ಎಂದೆ.

"ನನ್ನ ದೇವರ ಮ್ಯಾಲ ತಕರಾರ ಬಂದೈತಂತ. ನಾ ಬರದ ಯಾರ ಬರ್ಬೇಕ?"

ಬಸ್ಸಿನಲ್ಲಿ ನಾನು ನಡುವೆ, ತೊಡೆಯ ಮೇಲೆ ಮಾನಿಟರ್, ಆಚೆ ಅತ್ತೆ, ಈಚೆ ಸೊಸೆ. ಕಂಡಕ್ಟರ್ ಬಂದು, "ಏನವಾ ಅದು, ಟಿವಿ ಏನ?" ಎಂದ.

"ಮಾನಿಟರಪಾ. ಕಾಮಣಿ ಆಗೈತಿ ಅದಕ್ಕ. ಎಲ್ಲಾ ಹಳದಿ ಕಾಣತೈತಿ. ಹುಕ್ಕೇರಿ ದವಾಖಾನಿಗೆ ಒಯ್ಯಾಕತ್ತೇವಿ."

"ನಾಟಿ ಔಷಧ ಕೊಡಸಬೇಕಿತ್ತ" ಎಂದು ಅವನು ಮುಂದೆ ಹೋದ. ರೇಣುಕಾ ನಗಲಿಲ್ಲ. ಲಕ್ಕವ್ವ ನಕ್ಕಳು, ನಕ್ಕು ಮುಗಿದ ಮೇಲೆ ಸೊಸೆಗೆ ಕೇಳುವ ಹಾಗೆ ನನಗೆ ಹೇಳಿದಳು:

"ನೋಡ ನೀಲವ್ವಾ, ಮೊದಲ ಹೇಳಿಬಿಡ್ತೇನಿ. ಭಂಡಾರದಲೆ ಕೆಟ್ಟೈತಿ ಅಂತ ಆ ಸಾಹೇಬ ಅಂದಾ ಅಂದ್ರ, ನಾ ಆ ಅಂಗಡಿ ಬಾಗಲಾ ಹಾಕತೇನಿ. ಸಿದ್ದಪ್ಪ ಗೊಬ್ಬರದ ಅಂಗಡಿ ಹಾಕ್ಕೊಳ್ಳಲಿ. ದೇವರಿಗೆ ಕೆಟ್ಟ ಹೆಸರ ತರೂ ಮಶಿನ್ ನನ್ನ ಜಾಗಾದಾಗ ಬ್ಯಾಡ."

"ಮತ್ತ ಅದರಿಂದ ಅಲ್ಲ ಅಂದ್ರ?"

"ಅಲ್ಲ ಅಂದ್ರ ಅಕಿ ಅಂಗಡಿ ಅಕಿಗೆ. ಸಿದ್ದಪ್ಪಗ ನಾ ಹೇಳ್ತೇನಿ."

ಅಲ್ಲಿಂದ ಹುಕ್ಕೇರಿಯವರೆಗೆ ನನಗೆ ಆ ಮಾನಿಟರ್ ಹಳೆಯ ಗಾಜಿನ ಬುರುಡೆಗಿಂತ ಭಾರ ಅನಿಸಿತು.

ಸಾಹೇಬ ಹೊಸಬ. ನದಾಫ ಎಂದು ಹೆಸರು, ಹುಬ್ಬಳ್ಳಿಯ ಕಡೆಯವನು, ಮೂವತ್ತರ ಒಳಗಿನ ವಯಸ್ಸು. ಮೊದಲಿನ ಸಾಹೇಬ ಮುಖ ಎತ್ತದೆ ವಾಪಸ್ ಎಂದು ಬರೆಯುವವನು. ಇವನು ಹೇಗೋ ಗೊತ್ತಿರಲಿಲ್ಲ. ಮಾನಿಟರನ್ನು ತಿರುಗಿಸಿದ, ಬೆರಳಿಗೆ ಪುಡಿ ಹಚ್ಚಿಕೊಂಡ, ಮೂಸಿ ನೋಡಿದ.

"ಇದು ಏನ್ರಿ ಇದು? ಅರಿಷಿಣ?"

ರೇಣುಕಾ ತಲೆ ತಗ್ಗಿಸಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಲಕ್ಕವ್ವ ಮುಂದೆ ಬಂದಳು.

"ಭಂಡಾರ. ನಾನಾ ಹಾಕೇನಿ."

"ಎಷ್ಟು ಸಲ ಹಾಕೀರಿ ಆಯಿ?"

"ರವಿವಾರ ರವಿವಾರ. ಅಮಾಸಿ ಬಂದ್ರ ಒಂದ ಹಿಡಿ ಜಾಸ್ತಿ."

ಸಾಲಿನಲ್ಲಿ ನಿಂತಿದ್ದವರು ನಕ್ಕರು. ಸಾಹೇಬನೂ ನಕ್ಕ, ಆದರೆ ಆಮೇಲೆ ತಲೆ ಕೆರೆದುಕೊಂಡ. "ಹೊರಗಿನ ವಸ್ತು ಇತ್ತಂದ್ರ ಬದಲಿ ಕೊಡಾಕ ಬರೂದಿಲ್ಲರಿ. ರೂಲ್ಸ್ ಐತಿ."

"ಬರೂದಿಲ್ಲ ಅನ್ನೂದು ಆಮ್ಯಾಲ ಅನ್ರಿ" ಎಂದೆ. "ಮೊದಲ ಬಿಚ್ಚಿ ನೋಡ್ರಿ."

"ಬಿಚ್ಚಾಕ ಬಂದೇನಿ ಆಯಿ. ಅವಸರ ಮಾಡಬ್ಯಾಡ್ರಿ. ಒರಸದ ತಂದೀರಲ್ಲ, ಅದ ಚಲೋ ಮಾಡೀರಿ. ಒರಸಿ ತಂದಿದ್ರ ಪುಡಿ ಎಲ್ಲೀತನಕ ಹೋಗೈತಿ ಅಂತ ನನಗ ತಿಳೀತಿದ್ದಿಲ್ಲ."

ಸೀಲು ಹರಿದು ಹಿಂಬದಿ ತೆಗೆದ. ನಾವು ಮೂವರೂ ಬಗ್ಗಿ ನೋಡಿದೆವು. ತೂತುಗಳ ಒಳಮಗ್ಗುಲಿಗೆ ಹಳದಿಯ ಒಂದು ಗೆರೆ, ಹೊಸ್ತಿಲಿಗೆ ಹಚ್ಚಿದ ಹಾಗೆ. ಅದರಾಚೆ ಒಂದು ತಗಡಿನ ಡಬ್ಬಿ ಇತ್ತು. ಅದರ ಮೇಲೂ ಅಲ್ಲಲ್ಲಿ ಹಳದಿ. ಸಾಹೇಬ ಅದರ ಫೋಟೋ ಹೊಡೆದ. ನಿಧಾನವಾಗಿ ತಗಡು ಬಿಚ್ಚಿದ. ಲಕ್ಕವ್ವ ಚೀಲ ಎದೆಗೆ ಒತ್ತಿಕೊಂಡಿದ್ದಳು. ರೇಣುಕಾ ನೋಡುವುದನ್ನು ಬಿಟ್ಟು ಗೋಡೆಗೆ ಮುಖ ಮಾಡಿದ್ದಳು.

ತಗಡಿನ ಒಳಗೆ ಹಸಿರು ಹಲಗೆ. ತೊಳೆದಿಟ್ಟ ತಟ್ಟೆಯ ಹಾಗೆ ಸ್ವಚ್ಛ. ಒಂದು ಕಣ ಹಳದಿ ಇಲ್ಲ.

ಸಾಹೇಬ ಆದರೂ ಬಿಡಲಿಲ್ಲ. ಹೊರಗಿನ ಪುಡಿಯನ್ನು ಒಣ ಬ್ರಷ್‌ನಿಂದ ಝಾಡಿಸಿದ, ತಂತಿಗಳನ್ನು ತೆಗೆದು ಮತ್ತೆ ಕೂಡಿಸಿದ, ಮಾನಿಟರ್ ಹಚ್ಚಿದ. ಪರದೆ ಮೊದಲಿನಷ್ಟೇ ಹಳದಿ.

"ಪುಡಿ ಹೋತು, ಹಳದಿ ಹೋಗಲಿಲ್ಲ. ಒಳಗಿನ ಬೋರ್ಡ ಸತ್ತೈತಿ. ಇದು ಭಂಡಾರದ ಕೆಲಸ ಅಲ್ಲ."

ಲಕ್ಕವ್ವ, "ಇನ್ನೊಮ್ಮಿ ಹೇಳಪಾ" ಎಂದಳು.

"ಭಂಡಾರದ ಕೆಲಸ ಅಲ್ಲ ಆಯಿ. ಖರೆ ಹೇಳ್ತೇನಿ. ನಮ್ಮವ್ವನೂ ನನ್ನ ಗಾಡಿಗೆ ತಾಯತ ಕಟ್ಟ್ಯಾಳ. ಆದ್ರ ಇಂಜಿನ್ನಿಗೆ ಕಟ್ಟಿಲ್ಲ ಅಷ್ಟ."

ನಾನು ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಹೊಸದು ಕೊಡಲು ಮೇಲಿನ ಆಫೀಸಿನವರ ಒಪ್ಪಿಗೆ ಬೇಕು. ಸಾಹೇಬ ಫೋಟೋಗಳನ್ನು ಕಳಿಸಿದ. ಅವರು ಮೊದಲನೇ ಫೋಟೋದ ಹಳದಿ ನೋಡಿದ್ದೇ ಆಗುವುದಿಲ್ಲ ಎಂದರು. ಸಾಹೇಬ ಹೊರಗೆ ನಿಂತು ಫೋನಿನಲ್ಲಿ ಹಿಂದಿ ಮಾತಾಡಿದ. ನನಗೆ ತಿಳಿದದ್ದು ಎರಡೇ ಮಾತು, ಹಲ್ದಿ ಅಂದರೆ ಅರಿಶಿಣ, ಬಾಹರ್ ಅಂದರೆ ಹೊರಗೆ. ಆ ಎರಡನ್ನೂ ಅವನು ಮತ್ತೆ ಮತ್ತೆ ಹೇಳಿದ. ಅವನಿಗೆ ಇದರಲ್ಲಿ ಬರುವುದೇನೂ ಇರಲಿಲ್ಲ. ಆಗುವುದಿಲ್ಲ ಎಂದು ಬರೆದು ಊಟಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ತಗಡು ಮುಚ್ಚಿದ ಫೋಟೋ, ತೆರೆದ ಫೋಟೋ ಎರಡನ್ನೂ ಬೇರೆ ಬೇರೆ ಮಾಡಿ ಇನ್ನೊಮ್ಮೆ ಕಳಿಸಿದ. "ದೊಡ್ಡ ಸಾಹೇಬ್ರು ಮೀಟಿಂಗಿನ್ಯಾಗ ಅದಾರಂತ. ಸಂಜೀತನಕ ಕಾಯಬೇಕ" ಎಂದ.

ಮನೆಯಲ್ಲಿ ಬೀರಪ್ಪ ಒಬ್ಬನೇ ಇದ್ದ, ಎಬ್ಬಿಸಿ ಕೂರಿಸಲು ಜನ ಬೇಕು. ಅತ್ತೆ ಸೊಸೆ ಹೊರಡಲೇಬೇಕಾಯಿತು. ಬಸ್ಸು ಹತ್ತುವ ಮೊದಲು ಲಕ್ಕವ್ವ ನನಗೆ, "ಆತೋ ಇಲ್ಲೋ ನಾಳೆ ಮುಂಜಾನೆ ನೀನಾ ಬಂದು ಹೇಳ. ಫೋನ್ ಮಾಡಬ್ಯಾಡ. ಫೋನಿನ್ಯಾಗ ಮಂದಿ ಮಾರಿ ಕಾಣೂದಿಲ್ಲ" ಎಂದಳು.

"ಸಾಹೇಬ ಹೇಳಿದ್ದ ಕೇಳಿದಿಯಲ್ಲ, ಭಂಡಾರದ್ದಲ್ಲ ಅಂತ. ಮತ್ತೇನ?"

"ಅಂವ ಹೇಳ್ಯಾನ. ಅವನ ಕಂಪನಿ ಹೇಳಿಲ್ಲ. ಹೊಸಾದ ಕೊಟ್ರ ಹೇಳಿದಂಗ."

ಅವಳ ಲೆಕ್ಕ ತಪ್ಪಲ್ಲ. ನಾನು ಏಜೆಂಟನ ಅಂಗಡಿಯ ಕಟ್ಟೆಯ ಮೇಲೆ ಕೂತೆ. ರೊಟ್ಟಿ ಕಟ್ಟಿಕೊಂಡು ಹೋಗಿದ್ದೆ, ಸಾಹೇಬನಿಗೂ ಕೊಟ್ಟೆ. ಶೇಂಗಾ ಚಟ್ನಿ ಚೆನ್ನಾಗಿದೆ ಎಂದ. ಸಾಲಿನವರೆಲ್ಲ ಹೋದರು. ಕಾಯುವುದೂ ಈ ಕೆಲಸದಲ್ಲಿ ಒಂದು ಕೆಲಸ. ಕಾಯುವವರು ಎದ್ದು ಹೋದರೆ ಆ ಕಡೆಯವರು ಮರೆಯುತ್ತಾರೆ. ನೀವು ಈಗ ಫೋನಿನಲ್ಲಿ ಫೋಟೋ ಕಳಿಸಿ ಮನೆಗೆ ಹೋಗುತ್ತೀರಿ, ಅದು ಸುಖ. ಆದರೆ ಎದುರಿಗೆ ಒಬ್ಬ ಮುದುಕಿ ಕೂತಿದ್ದಾಳೆ ಎನ್ನುವುದಕ್ಕೂ ಅದರದೇ ಬೆಲೆ ಇದೆ.

ಬಿಸಿಲು ಇಳಿಯುವ ಹೊತ್ತಿಗೆ ಸಾಹೇಬನ ಫೋನು ಬಂತು. ಅವನು ಹಾಂಜಿ ಹಾಂಜಿ ಎಂದ. ಫೋನು ಜೇಬಿಗೆ ಹಾಕಿ ಗಾಡಿಯ ಹಿಂಬಾಗಿಲು ತೆರೆದ. ಒಳಗಿನಿಂದ ಹೊಸ ಪೆಟ್ಟಿಗೆ ಇಳಿಸಿದ.

"ತಗೋರಿ ಆಯಿ. ಆದ್ರ ಆ ಅಜ್ಜಿಗೆ ಹೇಳ್ರಿ, ಇನ್ನ ಮುಂದ ಇದಕ್ಕ ಭಂಡಾರ ಬ್ಯಾಡ. ಮುಂದಿನ ಸಲ ತಗಡು ತಡೀತದೋ ಇಲ್ಲೋ."

ಹಳೆಯದರ ಕಾಲಿನಿಂದ ಕೆಂಪು ಅಂಚು ಬಿಚ್ಚಿ ಹೊಸ ಪೆಟ್ಟಿಗೆಗೆ ಕಟ್ಟಿದೆ. ಪೆಟ್ಟಿಗೆ ಗೋಕಾಕಕ್ಕೆ ತಂದೆ. ಈರಣ್ಣ ಅಂಗಡಿ ಮುಚ್ಚದೆ ಕಾಯುತ್ತಿದ್ದ. ಪೆಟ್ಟಿಗೆ ನೋಡಿ, "ಆ ಬ್ರಷ್ ಎಲ್ಲಿಟ್ಟಿ?" ಎಂದ. "ಇಟ್ಟ ಜಾಗಾದಾಗ ಐತಿ ನೋಡ" ಎಂದೆ. ಅವನು ಅದನ್ನು ತೆಗೆದು ಮೇಜಿನ ಡ್ರಾವರಿನಲ್ಲಿ ಹಾಕಿದ. ಮತ್ತೆ ಆ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ.

ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಮೂಡಲಗಿಗೆ ಹೋದೆ. ಸ್ಟುಡಿಯೋದ ಕಟ್ಟೆಯ ಮೇಲೆ ಆಗಲೇ ಗೊಬ್ಬರದ ಚೀಲಗಳು ಬಂದು ಕೂತಿದ್ದವು. ಸಿದ್ದಪ್ಪ ಅವುಗಳ ಪಕ್ಕದಲ್ಲಿ ನಿಂತು ಹಲ್ಲುಜ್ಜುತ್ತಿದ್ದ. "ಸರಸಪಾ ಇವನ್ನ. ಕಾಲಿಡಾಕ ಜಾಗಾ ಇಲ್ಲ" ಎಂದೆ. ಅವನು ನನ್ನ ಕೈಯ ಪೆಟ್ಟಿಗೆ ನೋಡಿದ. ಹಲ್ಲುಜ್ಜುವುದು ನಿಂತಿತು.

ರೇಣುಕಾ ಮಾನಿಟರ್ ಹಚ್ಚಿ ಮೊದಲು ತೆರೆದದ್ದು ಆ ಮದುಮಗಳ ಫೋಟೋವನ್ನೇ. ಮುಖ ಅಗಸೆ ಹೂವಿನಷ್ಟು ನೀಲಿ. "ಯವ್ವಾ" ಎಂದು ಬಾಯಿ ಮುಚ್ಚಿಕೊಂಡಳು. ತಾನು ಏನು ಮಾಡಿದ್ದೆ ಎಂದು ಅವಳಿಗೆ ಆಗಲೇ ಕಂಡದ್ದು. ಆಮೇಲೆ ಕೂಡಿಸಿದ ನೀಲಿಯನ್ನೆಲ್ಲ ಒಂದೊಂದಾಗಿ ತೆಗೆದಳು. ಮುಖ ಗೋಧಿ ಬಣ್ಣಕ್ಕೆ ಬಂತು, ಕೆನ್ನೆಯ ಮೇಲೆ ಹಚ್ಚಿದಷ್ಟೇ ಅರಿಶಿಣ ಉಳಿಯಿತು. ಹಿಂದೆ ನಿಂತ ಲಕ್ಕವ್ವ, "ಈಗ ಮನಶ್ಯಾಳಂಗ ಕಾಣಾಕತ್ತಾಳ. ಆ ಆಲ್ಬಮ್ ಇನ್ನೊಮ್ಮಿ ಮಾಡಿ ಕೊಟ್ಟ ಬಾ ಅವರಿಗೆ" ಎಂದಳು. ಹೊರಗೆ ಮುಖ ಮಾಡಿ, "ಸಿದ್ದಪ್ಪಾ, ಚೀಲ ಮನಿಗೆ ಒಯ್ಯಿ" ಎಂದಳು. ಅಷ್ಟೇ. ಎರಡು ಮಾತಿನಲ್ಲಿ ಮುಗಿಸಿದಳು.

ಆಮೇಲೆ ಸೊಂಟದ ಚೀಲಕ್ಕೆ ಕೈ ಹಾಕಿ ಹಿಡಿ ಭಂಡಾರ ತೆಗೆದು ಮಾನಿಟರಿನ ಹಿಂದಕ್ಕೆ ಹೊರಟಳು. ರೇಣುಕಾ ನನ್ನ ಮುಖ ನೋಡಿದಳು. ನಾನು ಅಡ್ಡ ಹೋಗಿ ನಿಂತು ಸೆರಗು ಸರಿಸಿ ಹಣೆ ಮುಂದೆ ಮಾಡಿದೆ.

"ಇದಕ್ಕ ಬ್ಯಾಡ. ಹೊತ್ತ ತಂದಾಕಿ ನಾನು. ನನಗ ಹಚ್ಚ."

ಲಕ್ಕವ್ವ ಒಂದು ಗಳಿಗೆ ನನ್ನನ್ನೂ ಮಾನಿಟರನ್ನೂ ನೋಡಿದಳು. ಆಮೇಲೆ ಹಿಡಿಯಷ್ಟನ್ನೂ ನನ್ನ ಹಣೆಗೆ ಬಳಿದಳು. ಮೂಗಿನ ಮೇಲೆ, ಕುಪ್ಪಸದ ಮೇಲೆಲ್ಲ ಉದುರಿತು. ಅದನ್ನು ಒರೆಸದೆ ಹಾಗೇ ಗೋಕಾಕದ ಬಸ್ಸು ಹತ್ತಿದೆ. ಕೊಣ್ಣೂರಿನವರು ಆ ದಿನ ಇನ್ನೊಂದು ಮಾನಿಟರ್ ತರುತ್ತೇವೆ ಎಂದಿದ್ದರು, ಅದಕ್ಕೆ ಕಟ್ಟಲು ಯಾವ ಸೀರೆಯ ಅಂಚು ಉಳಿದಿದೆ ಎಂದು ನೋಡಬೇಕಿತ್ತು.